ಹತ್ತರಿಂದ ಎರಡರವರೆಗೆ

ಶನಿವಾರ ಹತ್ತಕ್ಕೆ ಒಬ್ಬರು ಹೊರಡಬೇಕು,
ಎರಡಕ್ಕೆ ಇನ್ನೊಬ್ಬರು ಬರಬೇಕು.
ನಡುವಿನ ನಾಲ್ಕು ಗಂಟೆ ಈ ಮನೆ ಯಾರದೂ ಅಲ್ಲ.
ಅಂದರೆ, ನನ್ನದು.

ಬೀಗದ ಕೈ ಕೊರಳಲ್ಲಿ, ಬಕೆಟ್ಟು ಎಡಗೈಯಲ್ಲಿ,
ಕಂಕುಳಲ್ಲಿ ಯೆರ್ಕೊ ಕಳಿಸಿದ ಪಟ್ಟಿ.
ಅವನಿರುವುದು ಸ್ಪ್ಲಿಟ್‌ನಲ್ಲಿ. ಈ ವಿಸ್ ದ್ವೀಪಕ್ಕೆ,
ಅಜ್ಜಿ ಬಿಟ್ಟುಹೋದ ಕಲ್ಲುಮನೆಗೆ,
ಹಡಗು ಹತ್ತಿ ಬರುವುದು ವರ್ಷಕ್ಕೊಮ್ಮೆ,
ಫೋನಿನಲ್ಲಿ ದಿನಕ್ಕೆರಡು ಸಲ.

ವೈನ್ ಲೋಟ ಒಡೆದರೆ ಎಂಟು ಯೂರೋ.
ಟವೆಲಿಗೆ ಕಲೆಯಾದರೆ ಹದಿನೈದು.
ಬೀಗದ ಕೈ ಕಳೆದರೆ ಎಪ್ಪತ್ತು.
ಕಲ್ಲುನೆಲದ ಮೇಲೆ ಎಣ್ಣೆ: ನೋಡಿ ನಿರ್ಧರಿಸಲಾಗುವುದು.
ಮುಂಗಡ ಇನ್ನೂರು,
ಹಾನಿ ಇಲ್ಲದಿದ್ದರೆ ಏಳು ದಿನದೊಳಗೆ ವಾಪಸು.
ನನ್ನ ನಾಲ್ಕು ಗಂಟೆಗೆ ನಲವತ್ತು,
ಅಂದರೆ ಐದು ಲೋಟ.
ಹೀಗೆ ಎಣಿಸಬಾರದು, ಗೊತ್ತು.

ಎಂಥೆಂಥವರನ್ನು ಕಂಡಿದ್ದೇನೆ!
ಬಂದ ಕೂಡಲೇ ಮೂಲೆಮೂಲೆಯ ಫೋಟೋ ಹಿಡಿಯುವವರು,
ಕೊಲೆಯಾದ ಮನೆಗೆ ಪೊಲೀಸರು ಬಂದ ಹಾಗೆ.
ಒಡೆದ ತಟ್ಟೆಯನ್ನು ಪೇಪರಿನಲ್ಲಿ ಸುತ್ತಿ
ಓವನ್ನಿನೊಳಗೆ ಬಚ್ಚಿಟ್ಟು ಹೋದವರು.
ಇಸ್ತ್ರಿಯ ಸುಟ್ಟ ಗುರುತಿನ ಮೇಲೆ ಹೂದಾನಿ ಇಟ್ಟು
ಅದರ ಪಕ್ಕವೇ ನಿಂತು ನನಗೆ ವಿದಾಯ ಹೇಳಿದವರು.
ಒಂದು ಮಗು ಮಾತ್ರ, ಡೆನ್ಮಾರ್ಕಿನದು, ನಾಲ್ಕು ವರ್ಷವಿರಬೇಕು,
ನನ್ನ ಬೆರಳು ಹಿಡಿದು ಕೋಣೆಕೋಣೆಗೂ ಕರೆದೊಯ್ದು
ತಾನು ಮುರಿದದ್ದನ್ನೆಲ್ಲ ಹೆಮ್ಮೆಯಿಂದ ತೋರಿಸಿತು.
ಅದರ ಅಪ್ಪನ ಮುಖ ನೋಡಬೇಕಿತ್ತು.

ಈ ವಾರ ಇದ್ದವನು ಬೊಹುಮೀರ್, ಜೊತೆಗೆ ಹೆಂಡತಿ.
ಊರು ಓಸ್ಟ್ರಾವಾ; ಟ್ರಾಮು ರಿಪೇರಿಯ ಶೆಡ್ಡಿನಲ್ಲಿ
ಮೂವತ್ತೊಂದು ವರ್ಷ ಎಂದಿದ್ದ,
ಅರ್ಧ ಅವನ ಚೆಕ್ಕು, ಅರ್ಧ ನನ್ನ ಮಾತು, ಉಳಿದದ್ದು ಕೈಸನ್ನೆ.

ಲೋಟ ಎಣಿಸಿದೆ. ಆರರಲ್ಲಿ ಐದು.
ಆರನೆಯದು ಮೇಜಿನ ಮೇಲೆ, ತಟ್ಟೆಯ ತುಂಬ ಚೂರು,
ಪಕ್ಕದಲ್ಲಿ ಎಂಟು ಯೂರೋ ಚಿಲ್ಲರೆ,
ಒಂದರ ಮೇಲೊಂದು ಪೇರಿಸಿಟ್ಟಿದ್ದು.

ಆಮೇಲೆ ಚಾಕುವಿನ ಡ್ರಾಯರು.
ಅದನ್ನು ಸೊಂಟದಿಂದ ಗುದ್ದಿಯೇ ತೆರೆಯಬೇಕು, ಅದು ರೂಢಿ.
ಗುದ್ದಿದೆ. ಬೆಣ್ಣೆಯ ಹಾಗೆ ಜಾರಿ ಹೊರಬಂದು
ಚಮಚಗಳೆಲ್ಲ ನೆಲದ ಪಾಲು.
ನಲ್ಲಿ ತೊಟ್ಟಿಕ್ಕುತ್ತಿಲ್ಲ.
ಮಲಗುವ ಕೋಣೆಯ ಬಡಗಣ ಕಿಟಕಿಯ ಹಸಿರು ಕದಕ್ಕೆ
ಹೊಸ ಬಿಜಾಗರಿ. ನಾನು ಕಟ್ಟಿದ್ದ ಹಗ್ಗವನ್ನು
ಸುರುಳಿ ಸುತ್ತಿ ಮೊಳೆಗೆ ನೇತುಹಾಕಿದ್ದಾನೆ.

ಪಟ್ಟಿಯನ್ನು ತಿರುವಿ ನೋಡಿದೆ. ಹಿಂದಿನ ಹಾಳೆ ಖಾಲಿ.

"ಏನಾದರೂ ಹಾನಿ ಇದೆಯಾ, ವಿಂಕಾ ಅತ್ತೆ?"
ಒಂದು ಲೋಟ, ದುಡ್ಡು ಇಟ್ಟಿದ್ದಾರೆ ಎಂದೆ.
ಕದದ ಸಂಗತಿಯನ್ನೂ ಹೇಳಿದೆ, ಬಾಯಿ ತಡೆಯಲಿಲ್ಲ.
ಯೆರ್ಕೊ ಕೊಂಚ ಸುಮ್ಮನಿದ್ದು ಕೇಳಿದ:
"ಅವನಿಗೆ ಮುಟ್ಟು ಅಂದವರು ಯಾರು?
ಹಳೆಯ ಕಬ್ಬಿಣ ಎಲ್ಲಿ? ಅದು ಅಜ್ಜಿಯ ಕಾಲದ್ದು.
ಒಂದು ಫೋಟೋ ಕಳಿಸು, ಮುಂಗಡ ಆಮೇಲೆ ನೋಡೋಣ."

ಹಳೆಯ ಕಬ್ಬಿಣ ಕಿಟಕಿಯ ಕಟ್ಟೆಯ ಮೇಲೇ ಇತ್ತು,
ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ.
ಫೋಟೋದಲ್ಲಿ ಎಣ್ಣೆ ಕಾಣುವುದಿಲ್ಲ.
ಹಾನಿ ಎಂಬಲ್ಲಿ ಸೊನ್ನೆ ಬರೆದೆ, ದೊಡ್ಡದಾಗಿ,
ಲೋಟದ ಬಾಯಿಯಷ್ಟು.
ಎರಡಾಯಿತು. ಬೀದಿಯ ಕಲ್ಲುಗಳ ಮೇಲೆ
ಸೂಟ್‌ಕೇಸಿನ ಚಕ್ರಗಳ ಗಡಗಡ.

ನನ್ನ ಮನೆ ಪಕ್ಕದ್ದೇ, ಗೋಡೆಗೆ ಗೋಡೆ.
ಒಂಬತ್ತು ಚಳಿಗಾಲ ಆ ಕದವನ್ನು ಬೈದಿದ್ದೇನೆ,
ಗಾಳಿ ಎದ್ದ ರಾತ್ರಿಗಳಲ್ಲೆಲ್ಲ ಅದರದೇ ಬಡಿತ,
ಹಗ್ಗವನ್ನೇನು ಲೆಕ್ಕಕ್ಕಿಟ್ಟೀತು.
ಮಂಗಳವಾರ ರಾತ್ರಿ ಬೂರಾ ಗಾಳಿ ಬೀಸಿತು, ಚೆನ್ನಾಗಿಯೇ ಬೀಸಿತು.
ಎದ್ದು ಕುಳಿತೆ.
ಈಗ ಬಡಿಯುತ್ತದೆ, ಈಗ, ಎಂದು
ಬೆಳಗಿನವರೆಗೂ ಕಿವಿ ಗೋಡೆಗೇ ಇತ್ತು.